ಗೋಡೆಯ ಮೇಲೆ ಅಜ್ಜಿಯ ಕೈ

ಗಾಂಧಿ ಬಜಾರಿನ ಗೋಡೆಯೊಂದರ ಬುಡದಲ್ಲಿ ಕೂತು, ಚಿತ್ರ ಬರೆಯುವ ಹುಡುಗಿ ಸಹನಾ ಮೊಣಕೈವರೆಗೂ ಸೋಪು ಹಚ್ಚಿ ಬಣ್ಣ ತೊಳೆದುಕೊಳ್ಳುತ್ತಿದ್ದಳು. ಆ ಸೋಪಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅಷ್ಟು ಗದ್ದಲದ ನಡುವೆ ನಾನು ಏಳು ವರ್ಷದವಳಾಗಿಬಿಟ್ಟೆ. ಇದೇ ಬಜಾರಿನಲ್ಲಿದ್ದ ನಮ್ಮಜ್ಜಿಯ ಬಳೆ ಅಂಗಡಿಯಲ್ಲಿ ಸದಾ ಇದೇ ವಾಸನೆ. ಬಳೆ ಬಿಗಿಯಾದರೆ ಅಜ್ಜಿ ಗಿರಾಕಿಯ ಕೈಗೆ ಸೋಪಿನ ನೊರೆ ಸವರುತ್ತಿದ್ದಳು. ಅಂಗಡಿಯ ಹಿಂದೆಯೇ ಮನೆ. ಒಳಗಿನ ಒಗ್ಗರಣೆಯೂ ಹೊರಗಿನ ನೊರೆಯೂ ಬೆರೆತ ಗಾಳಿಯಲ್ಲೇ ನಾವು ಓದಿದ್ದು, ಜಗಳವಾಡಿದ್ದು, ನೇತುಹಾಕಿದ ಬಳೆ ಸರಗಳ ಸದ್ದು ಕೇಳುತ್ತ ಮಧ್ಯಾಹ್ನ ನಿದ್ದೆಹೋದದ್ದು. ನಿಮಗೂ ಅಂಥದ್ದೊಂದು ಮನೆ ಇದ್ದಿರಬೇಕು, ಅದರ ಜಾಗಕ್ಕೆ ಹೋದರೆ ಈಗ ಬಾಗಿಲು ಯಾವ ಕಡೆಗಿತ್ತೆಂದೇ ತಿಳಿಯುವುದಿಲ್ಲ. ನಮ್ಮದರ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ, ನಾನೀಗ ಊರಿನ ಇನ್ನೊಂದು ಬದಿಯ ವಿನೋಬನಗರದಲ್ಲಿದ್ದೇನೆ.

ಅಜ್ಜಿಯನ್ನು ಊರೆಲ್ಲ ಗಿರಿಜಕ್ಕ ಎನ್ನುತ್ತಿತ್ತು. ಹಣೆತುಂಬ ವಿಭೂತಿ, ಬಾಯಿ ಬಲು ಜೋರು. ಗಿರಾಕಿಯ ಕೈ ಹಿಡಿದು ಒಮ್ಮೆ ಹಿಸುಕಿದರೆ ಸಾಕು, ಯಾವ ಅಳತೆಯ ಬಳೆಯೆಂದು ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಗಾಜಿನ ಬಳೆ ಬೆರಳ ಗೆಣ್ಣು ದಾಟುವ ಹೊತ್ತೇ ಕಷ್ಟದ್ದು. ಹೆದರಿ ಕೈ ಬಿಗಿ ಮಾಡಿದರೆ ಚೂರು. ಅದಕ್ಕೊಂದು ಉಪಾಯವಿತ್ತು. ಸರಿಯಾಗಿ ಆ ಗಳಿಗೆಗೆ, “ಏನಮ್ಮ, ಇವತ್ತು ಮನೇಲಿ ಏನ್ ಸಾರು?” ಎನ್ನುವಳು. ಅವರು “ಅವರೆಕಾಳು...” ಎನ್ನುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು. ಮದುಮಗಳಿಗೂ ಅದೇ ಪ್ರಶ್ನೆ, ದೊಡ್ಡ ಅಧಿಕಾರಿಯ ಹೆಂಡತಿಗೂ ಅದೇ. ನನಗೂ ಒಂದು ಸಲ ಕೇಳಿದಳು. ಸಾರು ಮಾಡಿದವಳೇ ಅವಳು, ನನ್ನನ್ನೇನು ಕೇಳುವುದು ಎಂದು ಹಟಕ್ಕೆ ಬಿದ್ದು ಬಾಯಿ ಬಿಡಲಿಲ್ಲ. ಎರಡು ಬಳೆ ಪಟ್ಟೆಂದು ಹೋದವು. “ಬಾಯಿ ಬಿಟ್ರೆ ಕೈ ತಾನೇ ಸಡ್ಲ ಆಗುತ್ತೆ ಕಣೇ, ಕತ್ತೆ” ಎಂದು ಬೈದು, ಬೇರೆ ಬಳೆ ಹುಡುಕಿದಳು.

ಬಜಾರಿನ ಹಳೆಯ ಬದುಕನ್ನು ಗೋಡೆಗಳ ಮೇಲೆ ಬರೆಸಬೇಕೆಂದು ಅಂಗಡಿಯವರೆಲ್ಲ ತೀರ್ಮಾನಿಸಿದ್ದಾರೆಂದು ಕೇಳಿಯೇ ನಾನು ಅವತ್ತು ಅಲ್ಲಿಗೆ ಓಡಿದ್ದು. ಹೂವಿನವರು, ಹಮಾಲರು, ಸೋಡಾ ಅಂಗಡಿಯವರು, ನೋಡಿ ಬರೆಯಲು ಎಲ್ಲರ ಫೋಟೋ ಸಿಕ್ಕಿತ್ತು. ಅಜ್ಜಿಯದು ಒಂದೂ ಇಲ್ಲ. ಮನೆಗೆ ಕ್ಯಾಮೆರಾ ಬಂದಾಗಲೆಲ್ಲ “ಗಿರಾಕಿ ಬಂದ್ರು” ಎಂದು ಎದ್ದುಹೋದ ಹೆಂಗಸು ಅದು. ಒಂದು ಸಲವಾದರೂ ಕೈಹಿಡಿದು ಕೂರಿಸಬಾರದಿತ್ತೇ ನಾವು! ಆ ಸಂಕಟ ಇವತ್ತಿಗೂ ಹೋಗಿಲ್ಲ.

“ಮುಖ ಗೊತ್ತಿಲ್ದೆ ಹೇಗ್ ಬರೀಲಿ ಆಂಟಿ?” ಎಂದಳು ಭದ್ರಾವತಿ ನ್ಯೂ ಟೌನಿನ ಸಹನಾ.

“ಕೈ ಬರಿಯಮ್ಮ” ಎಂದೆ. ಬಳೆ ತೊಡುವಾಗ ಯಾರಾದರೂ ತೊಡಿಸುವವರ ಮುಖ ನೋಡುತ್ತಾರೆಯೇ? ಎಲ್ಲರ ಕಣ್ಣೂ ಕೈ ಮೇಲೆ. ಗಾಜು ಹೊಕ್ಕು ಸೊಟ್ಟಗಾದ ಬಲಗೈ ಹೆಬ್ಬೆರಳು, ಎದುರಿನವರ ಬೆರಳುಗಳನ್ನು ಮೊಗ್ಗಿನ ಹಾಗೆ ಕೂಡಿಸಿ ಹಿಡಿಯುವ ರೀತಿ, ಎಲ್ಲವನ್ನೂ ಅವಳ ಕೈಯನ್ನೇ ಹಿಸುಕಿ ತೋರಿಸಿದೆ. ಪಾಪ, ಮೂರು ಸಲ ಅಳಿಸಿ ಬರೆದಳು. ಕೊನೆಗೆ ಗೋಡೆಯಷ್ಟು ದೊಡ್ಡದಾಗಿ ಅಜ್ಜಿಯ ಎರಡೂ ಕೈ ಮೂಡಿದವು, ಬೆರಳ ತುದಿಯಲ್ಲಿ ಒಂದು ಹಸಿರು ಬಳೆ.

ಈ ಕೆಲಸದ ಯಜಮಾನಿಕೆ ಪಾತ್ರೆ ಅಂಗಡಿಯ ನಾಗರಾಜಣ್ಣನದು. “ಬರೀ ಕೈ ನೋಡಿ ಯಾರ್ ಗುರುತು ಹಿಡೀತಾರೆ ಮಾರಾಯ್ತಿ?” ಎಂದರು. “ಭಾನುವಾರ ಜನ ನೋಡ್ಲಿ. ಹೆಸ್ರು ಬರೆಯೋದು ಬೇಡ, ನೀನೂ ಹೇಳ್ಕೊಡ್ಬೇಡ. ಒಬ್ರಿಗೂ ಗೊತ್ತಾಗ್ಲಿಲ್ಲ ಅಂದ್ರೆ ಬಣ್ಣ ಬಳಿಸಿ ಅಲ್ಲೊಂದು ನವಿಲು ಬರೆಸ್ತೀನಿ.”

ಭಾನುವಾರ ಜನವೋ ಜನ. ಸೋಡಾ ಅಂಗಡಿಯ ಚಿತ್ರಕ್ಕೆ ಸೆಲ್ಫಿಯ ನೂಕುನುಗ್ಗಲು. ಅಜ್ಜಿಯ ಕೈ ಮುಂದೆ ಯಾರೂ ನಿಲ್ಲುತ್ತಿಲ್ಲ. “ಯಾರೋ ಡಾಕ್ಟರ್ ನಾಡಿ ನೋಡ್ತಿರ್ಬೇಕು” ಎಂದರೊಬ್ಬರು. ನಾಗರಾಜಣ್ಣ ಆಗಲೇ ನವಿಲಿನ ಬಾಲ ಎಲ್ಲಿವರೆಗೆ ಬರಬೇಕೆಂದು ಸಹನಾಗೆ ಕೈಮಾಡಿ ತೋರಿಸುತ್ತಿದ್ದರು.

ಅಷ್ಟರಲ್ಲಿ ಒಬ್ಬ ವಯಸ್ಸಾದ ಹೆಂಗಸು, ಜೊತೆಗೆ ಮೊಮ್ಮಗಳು. “ಅಜ್ಜಿ, ಜನ್ನಾಪುರದ ಬಸ್ ತಪ್ಪುತ್ತೆ, ಬೇಗ ಬಾ” ಎಂದು ಮೊಮ್ಮಗಳು ಎಳೆಯುತ್ತಿದ್ದಳು. ಆಕೆ ಗೋಡೆ ನೋಡಿ ನಿಂತರು. ಚೀಲ ಕೆಳಗಿಟ್ಟರು. ಬಲಗೈ ಚಾಚಿ, ಹೆಬ್ಬೆರಳನ್ನು ಒಳಗೆ ಮಡಚಿ, ಬೆರಳುಗಳನ್ನು ಕೂಡಿಸಿ ಆ ದೊಡ್ಡ ಕೈಗಳ ನಡುವೆ ಹಿಡಿದರು. ಆಮೇಲೆ, ಯಾರೂ ಕೇಳದೆಯೇ, ಹೇಳಿದರು:

“ಹುರುಳಿಕಟ್ಟಿನ ಸಾರು, ಗಿರಿಜಕ್ಕ.”

ನಾನು ಕೂಗಿಯೇಬಿಟ್ಟೆ! ಬೀದಿಯ ಮಧ್ಯೆ, ಈ ವಯಸ್ಸಿನಲ್ಲಿ, ಚಪ್ಪಾಳೆ ತಟ್ಟಿ ಕುಣಿದೆ. “ಗಿರಿಜಕ್ಕಂದಾ? ಬಳೆ ಗಿರಿಜಕ್ಕಂದಾ?” ಎನ್ನುತ್ತ ಹಿಂದಿನಿಂದ ಹೆಂಗಸರು ನುಗ್ಗಿ ಬಂದರು. “ನನ್ನ ಮದುವೆ ಬಳೆ ಇಟ್ಟಿದ್ದೇ ಇವ್ರು” ಎಂದು ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಗರಾಜಣ್ಣ ನನ್ನ ಕಡೆ ತಿರುಗಿ, “ನವಿಲು ಹಾರ್ಹೋಯ್ತು ಬಿಡಮ್ಮ” ಎಂದು ನಕ್ಕರು. ಸಂಜೆಯಾದರೂ ಗೋಡೆಯ ಮುಂದಿನ ಸಾಲು ಕರಗಲಿಲ್ಲ. ಒಬ್ಬೊಬ್ಬರಾಗಿ ಕೈ ಚಾಚುವರು, ತಮ್ಮ ಮನೆಯ ಸಾರು ಹೇಳುವರು, ಬಳೆ ತೊಟ್ಟವರ ಹಾಗೆ ಗೋಡೆಗೆ ನಮಸ್ಕರಿಸಿ ಹೋಗುವರು. ಬೇಳೆಸಾರು. ಮೊಳಕೆಕಾಳು. ಸೊಪ್ಪಿನ ಸಾರು.

ಎಲ್ಲರೂ ಹೋದ ಮೇಲೆ ನಾನೂ ಕೈ ಚಾಚಿದೆ. ಗೋಡೆಯ ಬಣ್ಣ ಬಿಸಿಲಿಗೆ ಕಾದು ಇನ್ನೂ ಬೆಚ್ಚಗಿತ್ತು.

“ತಿಳಿಸಾರು ಅಜ್ಜಿ” ಎಂದೆ. “ಅವತ್ತು ತಿಳಿಸಾರು.”