ಅತ್ತೆ ಆರಿಸಿದ ಅಣಬೆ

ನಾನು ತುಮಕೂರಿನ ಆಫೀಸಿನಲ್ಲಿ ಹತ್ತು ಜನರ ಫೈಲು ತಿದ್ದುವವಳು. ಚೇಳೂರಿನ ಹತ್ತಿರದ ನಮ್ಮ ಮನೆಯಲ್ಲಿ ಮಾತ್ರ ಅಣಬೆ ಆರಿಸುವ ಅಧಿಕಾರ ಅತ್ತೆಯದು. ಹೋದ ವರ್ಷ ಅವರ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ಒಪ್ಪಲಿಲ್ಲ, ಅಧಿಕಾರವನ್ನೂ ಬಿಟ್ಟುಕೊಡಲಿಲ್ಲ.

ಆ ಭಾನುವಾರ ಗಂಡ ತೋಟದ ಹುತ್ತದಿಂದ ಟವೆಲ್ ತುಂಬ ಅಣಬೆ ತಂದರು. ಅರ್ಧಕ್ಕರ್ಧ ಅಣಬೆಗಳ ಬೇರು ಮುರಿದಿತ್ತು.

"ಕಿತ್ಕೊಂಡ್ ಬಾ ಅಂದ್ರೆ ಮುರ್ಕೊಂಡ್ ಬಂದವ್ನೆ! ಬೇರಿಲ್ದೆ ಹೆಂಗ್ಲಾ ಗುರ್ತು ಹಿಡಿಯೋದು?" ಎಂದು ಅತ್ತೆ ಮಗನನ್ನು ಬೈದು, ಮುರಿದದ್ದನ್ನೆಲ್ಲ ತಿಪ್ಪೆಗೆ ಹಾಕಿಸಿದರು. ಉಳಿದದ್ದನ್ನು ಒಂದೊಂದಾಗಿ ಬೆರಳಲ್ಲಿ ಸವರಿ, ಮೂಸಿ, ನನ್ನ ಮುಂದಿನ ಮೊರಕ್ಕೆ ಹಾಕುತ್ತಿದ್ದರು. ನಾನು ಬೇರು ಕತ್ತರಿಸಿ, ಮಣ್ಣು ಕೆರೆದು, ಕೊಡೆಯ ಮೇಲಿನ ಸಿಪ್ಪೆ ಸುಲಿದು, ಅರಿಶಿನದ ನೀರಿಗೆ ಅದ್ದಿ ತೆಗೆಯುತ್ತಿದ್ದೆ. ನೆನೆಯಲು ಬಿಟ್ಟರೆ ಸಪ್ಪೆಯಾಗುತ್ತದೆ.

ನಡುವೆ ಒಂದು ವಿಷದ ಜಾತಿಯದು ಬಂತು. ಬುಡ ಗುಂಡಗೆ ಉಬ್ಬಿತ್ತು, ಕೊಡೆಯ ಕೆಳಗೆ ಹಸಿರು ಛಾಯೆ. ನನ್ನ ಚಾಕು ನಿಂತಿತು. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಅದನ್ನು ಸಿಪ್ಪೆಯ ಜೊತೆ ಸೇರಿಸಿಬಿಟ್ಟೆ. ಮೊರದಲ್ಲಿದ್ದುದನ್ನೆಲ್ಲ ಇನ್ನೊಮ್ಮೆ ತಿರುವಿ ನೋಡಿದೆ.

ಅಣಬೆ ಸಾರಿನ ದಿನ ಅತ್ತೆ ಯಾರಿಗೂ ಕಾಯದೆ ಮೊದಲು ಉಣ್ಣುತ್ತಿದ್ದರು. ಆಮೇಲೆ ಒಂದು ಗಂಟೆ ಪಾತ್ರೆ ಮುಟ್ಟಲು ಬಿಡುತ್ತಿರಲಿಲ್ಲ. ಮದುವೆಯಾದಾಗಿನಿಂದ ನಾನು ಅದನ್ನು ಬಾಯಿಚಪಲ ಎಂದೇ ತಿಳಿದಿದ್ದೆ. ತವರಿಗೆ ಫೋನ್ ಮಾಡಿ ಆಡಿಕೊಂಡೂ ಇದ್ದೆ. ಅವತ್ತೂ ಅವರಿಗೇ ಮೊದಲು ಬಡಿಸಿದೆ. ಮುದ್ದೆ ಮುರಿದವರು ಕೈ ತಡೆದರು.

"ಎಷ್ಟ್ ತೆಗ್ದೆ?"

"ಏನತ್ತೆ?"

"ನಿನ್ ಚಾಕು ನಿಂತಿದ್ದು ಕೇಳುಸ್ತು ಕಣೇ. ಕಿವಿ ನೆಟ್ಟಗೈತೆ ನಂಗೆ."

"ಒಂದು."

ಅವರು ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ಹಂಗಾದ್ರೆ ಆರ್ಸಿದೋಳು ನೀನು. ಆರ್ಸಿದೋರು ಮೊದ್ಲು ಉಣ್ಬೇಕು. ಹೆಚ್ಚುಕಮ್ಮಿ ಆದ್ರೆ ಒಬ್ರಿಗೇ ಆಗ್ಲಿ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಅನಿಸಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮುದ್ದೆ ಅದ್ದಿ ನುಂಗಿದೆ. ಅಷ್ಟರಲ್ಲಿ ಮಗಳು ತಟ್ಟೆ ಹಿಡಿದು ಬಂದಳು. ನಾನು ಪಾತ್ರೆಗೆ ಕೈ ಅಡ್ಡ ಇಟ್ಟೆ.

"ಇರು, ಇನ್ನೊಂದ್ ಗಂಟೆ."

"ಏನಮ್ಮ, ನಿಂಗೊಬ್ಳಿಗೇನಾ ಹಸಿವು?" ಎಂದು ಮುಖ ಊದಿಸಿಕೊಂಡು ಹೋದಳು.

ಅತ್ತೆ ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದರು. ನಾನು ಇನ್ನೊಂದು ತುತ್ತು ಮುರಿದೆ.