ಕಟ್ಟದೆ ಬಿಟ್ಟ ನಾಲ್ಕನೆಯ ಮೂಲೆ

ನಮ್ಮತ್ತೆ ಬೊಂತೆ ಹೊಲಿಯುತ್ತಿದ್ದದ್ದು ಕಾಫಿ ಒಣಗಿಸುವ ಟ್ರೇಯ ಚೌಕಟ್ಟಿನ ಮೇಲೆ. ಬೊಂತೆ ಅಂದರೆ ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಹೊದಿಕೆ. ಬೇರೆ ಕಡೆಯವರು ಕೌದಿ ಅನ್ನುತ್ತಾರೆ. ಟ್ರೇಯ ತಂತಿಬಲೆ ತುಕ್ಕು ಹಿಡಿದು ಹರಿದಾಗ ಅತ್ತೆ ಅದನ್ನು ಒಲೆಗೆ ಹಾಕಲು ಬಿಡದೆ, ಬಲೆ ಕೀಳಿಸಿ ಮರದ ಚೌಕಟ್ಟನ್ನು ಉಳಿಸಿಕೊಂಡಿದ್ದರು. ಕೊಯ್ಲು ಮುಗಿದು ಕಾಫಿಯೆಲ್ಲ ಲಾರಿ ಹತ್ತಿದ ಮೇಲೆ ಸ್ಟೋರ್ ಖಾಲಿ ಬೀಳುತ್ತಿತ್ತು. ಅಲ್ಲಿ ಎರಡು ಬೆಂಚುಗಳ ಮೇಲೆ ಚೌಕಟ್ಟು ಇಟ್ಟು, ಬಟ್ಟೆಯ ಅಂಚನ್ನು ಗೋಣಿದಾರದಿಂದ ಮರಕ್ಕೆ ಬಿಗಿದು, ಆಚೆ ಒಬ್ಬರು ಈಚೆ ಒಬ್ಬರು ಕೂತು ಹೊಲಿಯುತ್ತಿದ್ದೆವು.

ನಾನು ಕುಂದೂರು ಕಡೆಯವಳು. ಹೆಗ್ಗದ್ದೆಯ ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಟೈಲರಿಂಗ್ ಕಲಿತಿದ್ದೆ. ಸೊಟ್ಟ ಹೊಲಿಗೆ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮದುವೆಮನೆಯಲ್ಲಿ ಎದುರು ಪಂಕ್ತಿಯವಳ ರವಿಕೆಯ ತೋಳು ತಿರುಚಿಕೊಂಡಿದ್ದರೆ ಪಾಯಸವೂ ರುಚಿಸುವುದಿಲ್ಲ. ಅತ್ತೆಗೂ ನನಗೂ ಬೇರೆ ವಿಷಯಗಳಲ್ಲಿ ಅಷ್ಟಕ್ಕಷ್ಟೆ. ಆದರೆ ಬೊಂತೆಯ ಮುಂದೆ ಕೂತರೆ ಇಬ್ಬರದೂ ಒಂದೇ ಹಟ, ಅದು ಚೌಕವಾಗಿ ಬರಬೇಕು, ನೆಟ್ಟಗೆ ಬರಬೇಕು. ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ದಾರ ಹಿಡಿದು ನೋಡುತ್ತಿದ್ದೆವು. ಎರಡೂ ಸಮ ಬಂದರೆ ಚೌಕ ಸರಿಯಿದೆ ಎಂದರ್ಥ. ಹೊಲಿಗೆಯನ್ನು ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ತರಬೇಕು. ಅಂಚಿನಿಂದ ಶುರುಮಾಡಿದರೆ ನಡುವೆ ಬಟ್ಟೆ ಉಬ್ಬಿ ಗಂಟಾಗುತ್ತದೆ.

ಹುಟ್ಟುವ ಮಗುವಿಗೆ ತವರಿನಿಂದ ಕೊಡುವ ಬೊಂತೆಗೆ ಮಾತ್ರ ಆ ಮನೆಯಲ್ಲಿ ಬೇರೆ ಕಟ್ಟಳೆ ಇತ್ತು. ಮೂರು ಮೂಲೆ ಹೊಲಿದು ನಾಲ್ಕನೆಯದನ್ನು ಗೇಣಗಲ ಬಿಡಬೇಕು. ಹೊಲಿಯುವಂತಿಲ್ಲ, ಚೌಕಟ್ಟಿಗೆ ಕಟ್ಟುವಂತೆಯೂ ಇಲ್ಲ. ಕಟ್ಟಿದರೆ ಹೆರಿಗೆಯೂ ಕಟ್ಟಿಕೊಳ್ಳುತ್ತದಂತೆ. ಮಗು ಹುಟ್ಟಿ ಅತ್ತ ಸುದ್ದಿ ಬಂದ ಮೇಲೆ ಅಜ್ಜಿ ಆ ಮೂಲೆ ಮುಗಿಸಬೇಕು. ಮೊದಲ ಸಲ ಕೇಳಿದಾಗ ನಾನು ಒಳಗೊಳಗೇ ನಕ್ಕಿದ್ದೆ.

ಆ ನಗು ಬಹಳ ದಿನ ಉಳಿಯಲಿಲ್ಲ. ನನ್ನ ಮದುವೆಯಾದ ವರ್ಷವೇ ನಾದಿನಿ ಮೊದಲ ಹೆರಿಗೆಗೆ ಬಂದಳು. ಸಕಲೇಶಪುರದ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು. ಅತ್ತಿತು ಕೂಡ. ಆದರೆ ಸಂಜೆಯವರೆಗೂ ಉಳಿಯಲಿಲ್ಲ. ಬೊಂತೆ ಮನೆಯಲ್ಲಿತ್ತು, ಮೂಲೆ ತೆರೆದೇ ಇತ್ತು. ಮುಗಿಯದ್ದನ್ನು ಹೊದಿಸಬಾರದು ಎಂದು ಹಿರಿಯರು ಅಂದರು. ಮಾವ ಹೆಗಲ ಮೇಲಿದ್ದ ಟವೆಲ್ ತೆಗೆದು ಮಗುವಿಗೆ ಸುತ್ತಿ ತೋಟದ ಅಂಚಿಗೆ ಒಯ್ದರು. ಅತ್ತೆ ಆ ವಾರವೇ ಬೊಂತೆಯನ್ನು ಎಳೆ ಎಳೆಯಾಗಿ ಬಿಚ್ಚಿ ಹೊಳೆಗೆ ಬಿಟ್ಟರು. ಆಮೇಲೆ ಮನೆಯಲ್ಲಿ ಯಾರೂ ಆ ಮಗುವಿನ ಮಾತೆತ್ತಲಿಲ್ಲ. ನಾದಿನಿಯ ಎದುರಿಗಂತೂ ಇಲ್ಲವೇ ಇಲ್ಲ. ಅವಳಿಗೆ ನೋವಾಗಬಾರದೆಂದು ಎಲ್ಲರೂ ಬಾಯಿ ಕಟ್ಟಿಕೊಂಡೆವು.

ಕೆಲವು ವರ್ಷ ಕಳೆದ ಮೇಲೆ ಅವಳು ಮತ್ತೆ ಬಸುರಿಯಾಗಿ ತವರಿಗೆ ಬಂದಳು. ಮಾಘ ಕಳೆದಿತ್ತು. ತೋಟದಲ್ಲಿ ಕಾಫಿ ಹೂ ಬಿಡಲೆಂದು ಸ್ಪ್ರಿಂಕ್ಲರ್ ಹಾಕಿದ್ದರು, ಇಂಜಿನ್ ಸದ್ದು ಇಡೀ ದಿನ ಸ್ಟೋರಿನವರೆಗೂ ಕೇಳುತ್ತಿತ್ತು. ಅತ್ತೆ ಹಳೆಯ ಸೀರೆ ತೆಗೆದು ಚೌಕಟ್ಟಿಗೆ ಹಾಸುತ್ತಿದ್ದಾಗ ನಾದಿನಿ ಬಾಗಿಲಲ್ಲಿ ನಿಂತು ಅಂದಳು:

“ಅವ್ವ, ಈ ಸಲ ನಾಕೂ ಮೂಲೆ ಹೊಲ್ದ್‌ಬುಡು.”

“ಬಾಯಿಗ್ ಬಂದಂಗೆ ಮಾತಾಡ್‌ಬ್ಯಾಡ ಕಣೆ. ಹುಟ್ಟಕ್ ಮುಂಚೆ ಹೊಲೀಬಾರ್ದು.”

“ಹೋದ್ಸಲ ಹೊಲೀದೆ ಬುಟ್ಟು ಏನ್ ಉಳ್ಸ್ಕಂಡೆ? ನನ್ನ ಮಗಿ ಅಪ್ಪನ ಟವಲಲ್ಲಿ ಹೋಯ್ತು. ಈ ಸಲ ಬದುಕುದ್ರೂ ಹೊದೀಲಿ, ಹೋದ್ರೂ ಹೊದೀಲಿ.”

ಅತ್ತೆ ಎದ್ದು ಅಡುಗೆಮನೆಗೆ ಹೋದರು. ನಾನು ದಾರ ಸುತ್ತುತ್ತಾ ಕೂತೆ. ಯಾರ ಪರ ಮಾತಾಡಬೇಕೋ ತಿಳಿಯಲಿಲ್ಲ. ಇಬ್ಬರ ಮೇಲೂ ಸಿಟ್ಟೂ ಬಂತು, ಮರುಕವೂ ಬಂತು.

ಮಾರನೆಯ ದಿನ ಅತ್ತೆ ತಮ್ಮ ಕಟ್ಟಳೆಯಂತೆಯೇ ಶುರುಮಾಡಿದರು. ಮೂರು ಮೂಲೆ ಕಟ್ಟಿ, ನಾಲ್ಕನೆಯದರ ಮೇಲೆ ಕಾಫಿ ತೂಗುವ ಕಬ್ಬಿಣದ ಬಟ್ಟು ಇಟ್ಟರು. ಬಟ್ಟೆ ಸರಿಯದಿರಲೆಂದು ಯಾವಾಗಲೂ ಮಾಡುತ್ತಿದ್ದ ಉಪಾಯ ಅದು. ಆ ಸಲ ಅದೂ ನಡೆಯಲಿಲ್ಲ. ಒಂದೊಂದು ಸಾಲು ಹೊಲಿಗೆಯೂ ಬಟ್ಟೆಯನ್ನು ಒಂದಿಷ್ಟು ಒಳಕ್ಕೆ ಎಳೆಯುತ್ತದೆ. ಮೂರು ಕಡೆ ತಡೆಯಿದ್ದು ಒಂದು ಕಡೆ ಸಡಿಲವಿದ್ದರೆ ಎಳೆತವೆಲ್ಲ ಅಲ್ಲಿಗೇ ಹೋಗುತ್ತದೆ. ಅದರ ಮೇಲೆ ಅತ್ತೆ ದಾರವನ್ನು ಜಗ್ಗಿ ಜಗ್ಗಿ ಹೊಲಿಯುತ್ತಿದ್ದರು. ಅವರ ಕೈ ಹಾಗಿರಲಿಲ್ಲ, ಭಯ ಹಾಗೆ ಮಾಡಿಸುತ್ತಿತ್ತು. ಸಾಲುಗಳು ಬಾಗಿದವು, ಬಟ್ಟೆ ಬಟ್ಟಿನ ಅಡಿಯಿಂದ ಜಾರಿತು. ದಾರ ಹಿಡಿದು ನೋಡಿದರೆ ಒಂದು ಅಳತೆ ಗೇಣಷ್ಟು ಗಿಡ್ಡ. ಚೌಕಟ್ಟೇ ವಾಲಿದೆಯೆಂದು ಅತ್ತೆ ಗೊಣಗಿದರು. ಮರವನ್ನೂ ಅಳೆದು ತೋರಿಸಿದೆ, ಅದು ಸರಿಯಾಗಿಯೇ ಇತ್ತು.

“ಬಿಚ್ಚೋಣ ಬನ್ನಿ ಅತ್ತೆ,” ಎಂದೆ.

ಬಿಚ್ಚಿದೆವು, ಮತ್ತೆ ಹೊಲಿದೆವು. ಮತ್ತೆ ಸೊಟ್ಟವಾಯಿತು. ಇಷ್ಟಾದರೆ ಸಾಕು, ಮಗುವಿಗೇನು ಗೊತ್ತಾಗುತ್ತದೆ ಎಂದು ಬಾಯಿತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಹಾಗೆ ಅಂದಿದ್ದರೆ ಅತ್ತೆ ನನ್ನನ್ನು ಚೌಕಟ್ಟಿನ ಮುಂದಿನಿಂದ ಎಬ್ಬಿಸಿ ಕಳಿಸುತ್ತಿದ್ದರು, ಕಳಿಸಿದ್ದರೆ ನ್ಯಾಯವೂ ಆಗಿತ್ತು.

ಹೀಗೆ ನಡೆಯುತ್ತಿರುವಾಗ ಒಂದು ಮಧ್ಯಾಹ್ನ ನಾದಿನಿ ಒಳಗೆ ಬಂದು, ಬಟ್ಟನ್ನು ಪಕ್ಕಕ್ಕಿಟ್ಟು, ಮಣೆ ಎಳೆದುಕೊಂಡು ಆ ತೆರೆದ ಮೂಲೆಯ ಹತ್ತಿರ ಕೂತಳು. ಬಟ್ಟೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಗಿಯಾಗಿ ಎಳೆದಳು.

“ಕಟ್‌ಬಾರ್ದು ತಾನೆ? ನಾನು ಕಟ್ಟಿಲ್ಲ, ಹಿಡ್ಕಂಡಿವ್ನಿ. ಹೊಲಿ ನೀನು.”

ಅತ್ತೆ ಸೂಜಿ ಎತ್ತಿಕೊಂಡರು. ಮಗಳು ಹಿಡಿದ ಬಿಗಿಗೆ ಬಟ್ಟೆ ನಿಂತಿತು, ಸಾಲು ನೆಟ್ಟಗೆ ಓಡಿತು. ಅವಳು ಮಾರನೆಯ ದಿನವೂ ಬಂದು ಕೂತಳು, ಅದರ ಮಾರನೆಯ ದಿನವೂ. ತುಂಬಿದ ಹೊಟ್ಟೆ ಚೌಕಟ್ಟಿಗೆ ತಾಗುತ್ತಿತ್ತು. ಬೇಡ ಅಂದರೆ ಕೇಳುವವಳಲ್ಲ. ನಾನು ಹಿಡಿಯುತ್ತೇನೆಂದರೂ ಬಿಡಲಿಲ್ಲ.

“ಬ್ಯಾಡ ಅತ್ಗೆ, ಇದು ನಂದು,” ಅಂದಳು.

ಕೊನೆಯ ಕೆಲವು ಸಾಲು ಉಳಿದಿದ್ದಾಗ ಅತ್ತೆಯ ದಾರದುಂಡೆ ಕೈಜಾರಿ ಕೆಳಗೆ ಉರುಳಿತು. ಎತ್ತಿಕೊಳ್ಳಲು ಬಗ್ಗಿದ ಅತ್ತೆ ಮಗಳ ಕಾಲು ನೋಡಿದರು. ಪಾದ ಊದಿಕೊಂಡು ಕಾಲುಂಗುರ ಚರ್ಮದೊಳಗೆ ಹೂತುಹೋಗಿತ್ತು. ಅತ್ತೆ ದಾರದುಂಡೆಯನ್ನು ಅಲ್ಲೇ ಬಿಟ್ಟರು. ಆಮೇಲೆ ಎದ್ದು ಬಂದು ಮಗಳ ಬೆರಳುಗಳನ್ನು ಒಂದೊಂದಾಗಿ ಬಟ್ಟೆಯಿಂದ ಬಿಡಿಸಿದರು.

“ಬುಡು. ಒಳಗೋಗಿ ಕಾಲು ಚಾಚ್ಕಂಡು ಮನಿಕ ಹೋಗು.”

“ಮೂಲೆ?”

“ನಾನ್ ನೋಡ್ಕತೀನಿ ಹೋಗು ಅಂದೆ.”

ಅವಳು ಹೋದ ಮೇಲೆ ಅತ್ತೆ ಗೋಣಿದಾರ ತೆಗೆದುಕೊಂಡು ನಾಲ್ಕನೆಯ ಮೂಲೆಯನ್ನು ಮರಕ್ಕೆ ಕಟ್ಟಿದರು. ಗಂಟು ಎರಡು ಸಲ ಬಿಚ್ಚಿಕೊಂಡಿತು, ಬೇರೆಯವರಾಗಿದ್ದರೆ ನಾನೇ ಕಸಿದುಕೊಂಡು ಕಟ್ಟುತ್ತಿದ್ದೆ. ಆಮೇಲೆ ಸಾಲು ಮುಗಿಸಿ, ತೆರೆದಿದ್ದ ಮೂಲೆಗೂ ಸೂಜಿ ಹಾಕಿದರು. ಹೊಲಿಯುವಷ್ಟು ಹೊತ್ತೂ ತುಟಿ ಅಲ್ಲಾಡುತ್ತಿತ್ತು. ಮನೆದೇವರಿಗೆ ತಪ್ಪುಕಾಣಿಕೆ ಹೇಳಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ದಾರ ಹಿಡಿದು ನೋಡಿದೆವು. ಆ ಮೂಲೆಯಿಂದಲೂ ಈ ಮೂಲೆಯಿಂದಲೂ ಅಳತೆ ಸಮವಾಗಿತ್ತು. ನಮಗೆ ಸಂತೋಷಪಡುವುದಕ್ಕೂ ಧೈರ್ಯವಾಗಲಿಲ್ಲ.

ಅಲ್ಲಿಂದ ಹೆರಿಗೆಯವರೆಗಿನ ದಿನಗಳನ್ನು ನಾನು ಮತ್ತೆ ಬದುಕಲಾರೆ. ಏನಾದರೂ ಹೆಚ್ಚುಕಮ್ಮಿಯಾದರೆ ಅತ್ತೆ ತಮ್ಮನ್ನು ತಾವು ಕ್ಷಮಿಸಿಕೊಳ್ಳುವವರಲ್ಲವೆಂದು ನನಗೆ ಗೊತ್ತಿತ್ತು. ಜೀಪು ಸಕಲೇಶಪುರಕ್ಕೆ ಹೊರಟಾಗ ಬೊಂತೆಯನ್ನು ಮಡಿಲಲ್ಲಿಟ್ಟುಕೊಂಡು ಕೂತವರು ದಾರಿಯುದ್ದಕ್ಕೂ ಆ ನಾಲ್ಕನೆಯ ಮೂಲೆಯ ಮೇಲೆ ಕೈಯಿಟ್ಟೇ ಇದ್ದರು.

ಹೆಣ್ಣುಮಗು ಹುಟ್ಟಿತು. ತೂಕ ಕಡಿಮೆಯಿತ್ತು, ಆದರೆ ಅಳು ಜೋರಾಗಿತ್ತು. ರಾತ್ರಿ ಕಳೆಯಿತು, ಮರುದಿನವೂ ಕಳೆಯಿತು. ಮನೆಗೆ ಕರೆತಂದು ಬಾಣಂತಿ ಕೋಣೆಯಲ್ಲಿ ಬೊಂತೆ ಹೊದಿಸಿ ಮಲಗಿಸಿದಾಗ ನಾದಿನಿ ನಗುತ್ತಾ ಅವ್ವನನ್ನು ಕೆಣಕಿದಳು:

“ನೋಡ್ದ್ಯಾ? ಹುಟ್ಟಕ್ ಮುಂಚೆ ಹೊಲ್ದೆ, ಏನೂ ಆಗ್ಲಿಲ್ಲ.”

ಅತ್ತೆ ನಗಲಿಲ್ಲ. ಮಗುವಿನ ಕತ್ತಿನ ಕೆಳಗೆ ಬೊಂತೆಯನ್ನು ಸರಿಮಾಡಿದರು.

“ಇವ್ಳಿಗೆ ಅಂತ ನಾನು ಹೊಲೀಲಿಲ್ಲ ಕಣೆ. ಆ ಮೂಲೆಗೆ ಸೂಜಿ ಹಾಕೋವಾಗ ಹೋದೋನ್ನ ಕರ್‍ದೆ. ಇದು ನಿಂದು ಕಣಪ್ಪ, ಹೊದ್ಕ ಅಂದೆ. ಅವ್ನು ಹುಟ್ಟಿದ್ದ, ಅತ್ತಿದ್ದ. ಅವ್ನಿಗೆ ಮೂಲೆ ಮುಗ್ಸುದ್ರೆ ತಪ್ಪೇನೈತೆ? ಇವ್ಳು ಅವರಣ್ಣನ ಬೊಂತೇಲಿ ಮನಗವ್ಳೆ.”

ನಾದಿನಿಯ ನಗು ನಿಂತಿತು. ಅವಳು ಬೊಂತೆಯ ಅಂಚು ಹಿಡಿದುಕೊಂಡು, “ಅಣ್ಣ ಅಂದ್ಯಲ್ಲವ್ವ,” ಎಂದಳು. ಅಷ್ಟು ವರ್ಷದಲ್ಲಿ ಅವಳ ಹೊರತು ಬೇರೊಬ್ಬರು ಆ ಮಗುವನ್ನು ನಂಟು ಹೇಳಿ ಕರೆದದ್ದು ಅದೇ ಮೊದಲು.