ರೈಲ್ವೆ ಗೋಡೆಯಲ್ಲೊಂದು ಹಿತ್ತಿಲ ಬಾಗಿಲು

1989ರ ಅಕ್ಟೋಬರ್ 14, ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ನನ್ನ ಡೈರಿಯಲ್ಲಿ ಈ ಪ್ರಕರಣ ಶುರುವಾಗುವುದು ಇಲ್ಲಿಂದ. ಆಗ ನಾನು ನ್ಯೂಜರ್ಸಿಯ ಒಂದು ಕಾಲೇಜಿನಲ್ಲಿ ಇಂಟೀರಿಯರ್ ಡಿಸೈನ್ ಓದುತ್ತ, ಅದೇ ವಿಭಾಗದಲ್ಲಿ ಸ್ಟುಡಿಯೋ ಅಸಿಸ್ಟೆಂಟ್ ಆಗಿ ಕೆಲಸ ಮಾಡುತ್ತಿದ್ದೆ. ನಕ್ಷೆ ಬರೆಯುವುದನ್ನು ಕಲಿತದ್ದು ಮೈಸೂರಿನ ಪಾಲಿಟೆಕ್ನಿಕ್‌ನಲ್ಲಿ. ನ್ಯೂಜರ್ಸಿಯಲ್ಲೇ ಮೆಟುಚೆನ್ ಎಂಬ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದೆ. ವೀಸಾ ವಿದ್ಯಾರ್ಥಿಯದು, ಕಾಲೇಜಿನ ಒಳಗೆ ಕೆಲಸ ಮಾಡಬಹುದಿತ್ತು, ಹೊರಗೆ ಮಾಡುವಂತಿರಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಅಂದು ಹನ್ನೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಮೂರಂತಸ್ತಿನ ಒಂದು ಹಳೆಯ ಫರ್ನಿಚರ್ ಅಂಗಡಿಯನ್ನು ಅಳೆಯಲು ಹೋಗಿದ್ದೆ. ರೈಲು ನಿಲ್ದಾಣದ ಪಕ್ಕದ ಬೀದಿ. ಇಟ್ಟಿಗೆಯ ಗೋಡೆ, ಕಬ್ಬಿಣದ ಕಂಬ, ಸಾಮಾನು ಸಾಗಿಸುವ ದೊಡ್ಡ ಲಿಫ್ಟ್. ಎಡಕ್ಕೂ ಬಲಕ್ಕೂ ಬೇರೆ ಕಟ್ಟಡಗಳು ಒತ್ತಿಕೊಂಡಿದ್ದವು. ಹಿಂದೆ ನ್ಯೂಯಾರ್ಕ್‌ಗೆ ಹೋಗುವ ಹಳಿಗಳನ್ನು ಹೊತ್ತ ಎತ್ತರದ ಮಣ್ಣಿನ ದಿಬ್ಬ, ಅದನ್ನು ತಡೆದು ನಿಂತ ಕಲ್ಲಿನ ಗೋಡೆ. ರೈಲು ಹೋದಾಗಲೆಲ್ಲ ಅಂಗಡಿಯ ಗಾಜು ನಡುಗುತ್ತಿತ್ತು. ಇಂಥ ಹಳೆಯ ವ್ಯಾಪಾರದ ಕಟ್ಟಡಗಳನ್ನು ಕೆಡವದೆ ಹೊಸ ಕೆಲಸಕ್ಕೆ ಹೇಗೆ ಹೊಂದಿಸಬಹುದು ಎಂದು ಕಲ್ಪಿಸುವುದೇ ಆ ಸೆಮಿಸ್ಟರಿನ ಪ್ರಾಜೆಕ್ಟ್. ಕೆಲವರು ಗ್ರಂಥಾಲಯ ಮಾಡಲು ಹೊರಟಿದ್ದರು, ಕೆಲವರು ಶಿಶುವಿಹಾರ, ಒಬ್ಬಳು ನೃತ್ಯಶಾಲೆ. ಮಾಲೀಕ ಕಟ್ಟಡವನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟಿದ್ದ. ಅವನು ಯಾಕೆ ಅಷ್ಟು ಉದಾರಿ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಕಟ್ಟಡ ಪೂರ್ತಿ ಖಾಲಿಯಿರಲಿಲ್ಲ. ಕೆಳಗಿನ ಅಂತಸ್ತಿನಲ್ಲಿ, ಬೀದಿಗೆ ಮುಖ ಮಾಡಿದ ಮೂಲೆಯಲ್ಲಿ, ಧಾರವಾಡದ ಶಕುಂತಲಾ ಆಂಟಿಯ ಅಂಗಡಿಯಿತ್ತು. ಸೀರೆ, ಪೂಜಾ ಸಾಮಾನು, ಎರಡು ಹೊಲಿಗೆ ಯಂತ್ರ. ಸುತ್ತಲಿನ ಊರುಗಳ ಅರ್ಧ ಹೆಂಗಸರ ಬ್ಲೌಸು ಅವರ ಕೈಯಲ್ಲೇ ಹೊಲಿಸಿದ್ದು. ಅವರ ಗಂಡ, ನಮ್ಮ ಪಾಲಿಗೆ ಅಂಕಲ್, ಸೀಕಾಕಸ್ ಎಂಬ ಊರಿನ ಗೋದಾಮಿನಲ್ಲಿ ಕೆಲಸಕ್ಕಿದ್ದರು. ಅವರ ಬೆನ್ನು ಕೆಟ್ಟಮೇಲೆ ಮನೆ ನಡೆಯುತ್ತಿದ್ದದ್ದು ಈ ಅಂಗಡಿಯಿಂದಲೇ.

ನಾವು ಟೇಪು ಹಿಡಿದು ಅವರ ಬಾಗಿಲ ಮುಂದೆ ನಿಂತಾಗ ಆಂಟಿ ಹೊರಗೆ ಬಂದರು. "ಏನವಾ, ಏನ್ ಅಳೀಲಿಕತ್ತೀರಿ?"

"ಏನಿಲ್ಲ ಆಂಟಿ, ಕಾಲೇಜ್ ಪ್ರಾಜೆಕ್ಟ್. ಸುಮ್ನೆ ಪ್ರಾಕ್ಟೀಸ್‌ಗೆ."

"ಸುಮ್ಮನ ಯಾರೂ ಅಳಿಯೂದಿಲ್ಲ ಮಾಲತಿ. ಬ್ಲೌಸ್ ಹೊಲಿಯೂದಿದ್ರನ ನಾ ಟೇಪ್ ಹಿಡೀತೀನಿ." ಹೀಗೆ ಹೇಳಿದರೂ ಒಳಗೆ ಕರೆದು, ಹಾಟ್‌ಪ್ಲೇಟಿನ ಮೇಲೆ ಕುದಿಸಿದ ಚಹಾವನ್ನು ಸ್ಟೀಲ್ ಲೋಟದಲ್ಲಿ ಕೊಟ್ಟರು. ಮಸಾಲೆ ಜಾಸ್ತಿಯಾಗಿತ್ತು. ಪೂರ್ತಿ ಕುಡಿದೆ.

ಆ ವಾರ ನಾನು ಮಾಡಿದ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಮೊದಲು ಕಟ್ಟಡದ ಮೂಲ ನಕ್ಷೆ ಬರೆದು ಎಲ್ಲ ವಿದ್ಯಾರ್ಥಿಗಳಿಗೂ ಒಂದೊಂದು ಪ್ರಿಂಟ್ ಕೊಡುವುದು ಸ್ಟುಡಿಯೋದ ಪದ್ಧತಿ. ಅದರಲ್ಲಿ ಹೊರಗೋಡೆ, ಕಂಬ, ಮೆಟ್ಟಿಲು ಮಾತ್ರ ಇರುತ್ತವೆ. ಬಾಡಿಗೆದಾರರು ನಿಲ್ಲಿಸಿಕೊಂಡ ತೆಳು ಗೋಡೆಗಳನ್ನು ಬಿಟ್ಟುಬಿಡುತ್ತೇವೆ. ವಿದ್ಯಾರ್ಥಿಗಳ ಕಲ್ಪನೆಗೆ ಅಡ್ಡಿಯಾಗಬಾರದು ಎಂಬ ಕಾರಣಕ್ಕೆ. ಹಾಗಾಗಿ ಆಂಟಿಯ ಅಂಗಡಿ ಹಾಳೆಯ ಮೇಲೆ ಇರಲೇ ಇಲ್ಲ. ಇದರ ಜೊತೆಗೆ, ಗೆರೆಗಳ ದಪ್ಪ, ಅಕ್ಷರ, ಅಳತೆ ಹೇಗಿರಬೇಕೆಂದು ತೋರಿಸಲು ಒಂದು ಮಾದರಿ ಹಾಳೆಯನ್ನೂ ಬರೆದೆ. ಕೆಳ ಅಂತಸ್ತನ್ನು ಸಣ್ಣ ಸಣ್ಣ ಆಫೀಸುಗಳಾಗಿ ಹಂಚಿ, ಮಧ್ಯೆ ಕಾರಿಡಾರಿನ ಹಾಗೆ ಓಡುದಾರಿ ಹಾಕಿ, ಓಡುದಾರಿಯ ಕೊನೆಗೆ ಹಿಂಗೋಡೆಯಲ್ಲಿ ಒಂದು ಬಾಗಿಲು ಇಟ್ಟೆ.

ಆ ಬಾಗಿಲು ಕೈಯಭ್ಯಾಸದಿಂದ ಬಂದದ್ದು. ನಮ್ಮ ಮೈಸೂರಿನ ಮನೆಗಳಲ್ಲಿ ಮುಂಬಾಗಿಲಲ್ಲಿ ನಿಂತರೆ ಹಿತ್ತಿಲ ಬಾಗಿಲು ನೇರ ಕಾಣಬೇಕು. ಓಡುದಾರಿಯ ಗೆರೆ ಎಳೆಯುತ್ತಿದ್ದಂತೆ ಪೆನ್ಸಿಲ್ ತಾನಾಗಿ ಅಲ್ಲಿಗೆ ಹೋಯಿತು. ಅಳತೆಯೂ ಊರಿನದೇ: ಪಾಲಿಟೆಕ್ನಿಕ್‌ನಲ್ಲಿ ಬಾಗಿಲೆಂದರೆ ತೊಂಬತ್ತು ಸೆಂಟಿಮೀಟರ್. ಅದನ್ನು ಅಡಿ ಇಂಚಿಗೆ ತಿರುಗಿಸಿ 2 ಅಡಿ 11½ ಇಂಚು ಎಂದು ಬರೆದೆ. ಅಮೆರಿಕದಲ್ಲಿ ಕಲಿತವರು ಹೀಗೆ ಬರೆಯುವುದಿಲ್ಲ. ಸರಿಯಾಗಿ ಮೂರಡಿ ಎನ್ನುತ್ತಾರೆ.

ಹಾಳೆಯನ್ನು ಸ್ಟುಡಿಯೋದ ಗೋಡೆಗೆ ಹಚ್ಚಿದಾಗ ಟೋನಿ ಎಂಬ ವಿದ್ಯಾರ್ಥಿ ಜೋರಾಗಿ ನಕ್ಕ. "ಮಾಲತಿ, ಈ ಬಾಗಿಲಿನ ಹಿಂದೆ ರೈಲ್ವೆ ದಿಬ್ಬ ಇದೆ. ಟಿಕೆಟ್ ಒಳಗಡೇನೇ ಕೊಡ್ತೀರಾ?" ಪ್ರೊಫೆಸರ್ ಮಿಲ್ನರ್ ಕೂಡ ನಕ್ಕರು. ಮಾದರಿ ಹಾಳೆ ತಾನೆ ಎಂದು ನಾನು ತಿದ್ದಲಿಲ್ಲ. ಅಸಲು ಹಾಳೆಯನ್ನು ಸ್ಟುಡಿಯೋದಲ್ಲೇ ಇಟ್ಟು, ಪ್ರಿಂಟ್ ಅಂಗಡಿಯಲ್ಲಿ ಅದರಿಂದ ಮೂರು ಪ್ರಿಂಟ್ ತೆಗೆಸಿದ್ದೆ: ಒಂದು ಗೋಡೆಯ ಮೇಲೆ, ಒಂದು ಮಿಲ್ನರ್ ಅವರ ಬಳಿ, ಒಂದು ನಾನು ನಕ್ಷೆ ಸುತ್ತಿಡುವ ಟ್ಯೂಬಿನಲ್ಲಿ.

ಡಿಸೆಂಬರಿನಲ್ಲಿ ಅಂತಿಮ ಪ್ರದರ್ಶನವಾಯಿತು. ಮಾಲೀಕನೂ ಬಂದಿದ್ದ. ಗ್ರಂಥಾಲಯದ ಮುಂದೆ ನಿಲ್ಲಲಿಲ್ಲ, ನೃತ್ಯಶಾಲೆಯನ್ನು ನೋಡಲಿಲ್ಲ. "ಒಂದು ಸೆಟ್ ಸಿಗಬಹುದೇ?" ಎಂದು ಕೇಳಿದ. "ಇದೆಲ್ಲ ವಿದ್ಯಾರ್ಥಿಗಳ ಸ್ವತ್ತು, ಕೊಡಲಾಗದು" ಎಂದರು ಮಿಲ್ನರ್. ಎಲ್ಲರೆದುರು ಗಟ್ಟಿಯಾಗಿಯೇ ಹೇಳಿದರು. ಆಮೇಲೆ ಇಬ್ಬರೂ ಕಾಫಿ ಹಿಡಿದು ಕಾರಿಡಾರಿನಲ್ಲಿ ಬಹಳ ಹೊತ್ತು ಮಾತಾಡುತ್ತ ನಿಂತಿದ್ದರು.

1990ರ ಜನವರಿ 14, ಭಾನುವಾರ. ಕನ್ನಡಿಗರೆಲ್ಲ ಸೇರಿ ಒಂದು ಶಾಲೆಯ ಕೆಫೆಟೇರಿಯಾದಲ್ಲಿ ಸಂಕ್ರಾಂತಿ ಮಾಡುತ್ತಿದ್ದೆವು. ಆಂಟಿ ಊರಿನಿಂದ ತರಿಸಿದ ಕುಸುರೆಳ್ಳನ್ನು ಎಲ್ಲರಿಗೂ ಹಂಚುತ್ತಿದ್ದರು. "ಎಳ್ಳು ತಿಂದು ಒಳ್ಳೇದು ಮಾತಾಡ್ರಿ" ಎನ್ನುತ್ತ ಸಾಲಿನಲ್ಲಿ ನನ್ನ ಹತ್ತಿರ ಬಂದರು. ಅಂಗೈಗೆ ಹಾಕಿದರು.

"ತಗೋ. ನೀ ಎಳ್ಳು ತಿಂದು ಖರೇ ಮಾತಾಡು."

ಪಕ್ಕದಲ್ಲಿದ್ದವರು ತಮಾಷೆಯೆಂದು ನಕ್ಕರು. ಆಂಟಿ ನಗಲಿಲ್ಲ. ಪರ್ಸಿನಿಂದ ಮಡಿಸಿದ ಕಾಗದ ತೆಗೆದು ಬಿಚ್ಚಿದರು. ಮಾಲೀಕನ ನೋಟೀಸು. ಆಂಟಿಯ ಲೀಸು 1993ರ ವಸಂತದವರೆಗೆ ಇತ್ತು. ಆದರೆ ಕಟ್ಟಡದ ನವೀಕರಣಕ್ಕೆ ಟೌನ್, ಅಂದರೆ ಅಲ್ಲಿಯ ಪುರಸಭೆ, ಒಪ್ಪಿಗೆ ಕೊಟ್ಟರೆ ಮಾಲೀಕ ಲೀಸನ್ನು ನಡುವೆಯೇ ಮುರಿಯಬಹುದು ಎಂಬ ಷರತ್ತೂ ಅದರಲ್ಲಿತ್ತು. ಅರ್ಜಿ ಹಾಕಿದ್ದೇನೆ, ತೆರವಿಗೆ ಸಿದ್ಧರಾಗಿ ಎಂದು ಅವನು ಬರೆದಿದ್ದ. ಜೊತೆಗೆ ನಕ್ಷೆಯ ಚಿಕ್ಕ ಪ್ರತಿ.

"ಇದರಾಗ ನನ್ನ ಅಂಗಡಿ ಎಲ್ಲದ, ತೋರಸು."

ತೋರಿಸಲು ಅಂಗಡಿ ಅಲ್ಲಿರಲಿಲ್ಲ. ಪ್ರತಿ ಎಷ್ಟು ಚಿಕ್ಕದಾಗಿತ್ತೆಂದರೆ ಅಂಕಿಗಳು ಓದಲು ಬರುತ್ತಿರಲಿಲ್ಲ. ಆದರೆ ಆ ಓಡುದಾರಿಯ ಗುರುತು ನನಗೆ ಹತ್ತಿತು. ಕಾಗದವನ್ನು ಮಡಿಸಿ ವಾಪಸು ಕೊಟ್ಟೆ.

"ನಾನು ಕೊಟ್ಟಿಲ್ಲ ಆಂಟಿ."

"ನೀ ಕೊಟ್ಟಿ ಅಂತ ನಾ ಎಲ್ಲಿ ಅಂದೆ?" ಎಂದು ಆಂಟಿ ಮುಂದಿನವರ ಅಂಗೈಗೆ ಎಳ್ಳು ಹಾಕಿದರು. ಆ ಸಂಜೆ ಊಟದ ಮೇಜಿನಲ್ಲಿ ನನ್ನ ಎರಡೂ ಪಕ್ಕದ ಕುರ್ಚಿ ಖಾಲಿ ಉಳಿದವು.

ಆ ಮಂಗಳವಾರ ಕಟ್ಟಡವಿದ್ದ ಊರಿನ ಟೌನ್ ಹಾಲ್‌ಗೆ ಹೋದೆ. ಅಲ್ಲಿ ಅರ್ಜಿಗಳ ಕಡತವನ್ನು ಯಾರು ಬೇಕಾದರೂ ಕೇಳಿ ನೋಡಬಹುದು. ಗುಮಾಸ್ತೆ ತಂದಿಟ್ಟ ದೊಡ್ಡ ಹಾಳೆಯ ಕೆಳಗೆ ಒಬ್ಬ ಆರ್ಕಿಟೆಕ್ಟನ ಮುದ್ರೆಯಿತ್ತು. ಅಕ್ಷರ ಬೇರೆ ಯಾರದೋ. ಕೋಣೆಗಳು ನನ್ನವು. ಓಡುದಾರಿ ನನ್ನದು. ಹಿಂಗೋಡೆಯಲ್ಲಿ ಬಾಗಿಲು, ಅಗಲ 2 ಅಡಿ 11½ ಇಂಚು. ಪಕ್ಕದಲ್ಲಿ 'ಈಗಾಗಲೇ ಇರುವ ಬಾಗಿಲು' ಎಂಬರ್ಥದ ಟಿಪ್ಪಣಿ.

ಈ ಟಿಪ್ಪಣಿಯಲ್ಲೇ ಎಲ್ಲವೂ ಅಡಗಿತ್ತು. ಹಳೆಯ ಕಟ್ಟಡ ಹಳೆಯ ಬಳಕೆಯಲ್ಲಿರುವ ತನಕ ಹಳೆಯ ನಿಯಮ ನಡೆಯುತ್ತದೆ. ಬಳಕೆ ಬದಲಾದರೆ ಹೊಸ ನಿಯಮ. ಅಷ್ಟು ಆಫೀಸುಗಳಿರುವ ಅಂತಸ್ತಿಗೆ, ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳಲು, ಒಂದಕ್ಕೊಂದು ದೂರವಿರುವ ಎರಡು ಹೊರದಾರಿ ಬೇಕು. ಮಾಲೀಕನ ನಕ್ಷೆಯಲ್ಲಿ ಎರಡನೆಯ ದಾರಿ ನನ್ನ ಹಿತ್ತಿಲ ಬಾಗಿಲು. ಫರ್ನಿಚರ್ ಅಂಗಡಿಯವರು ಹಿಂಗೋಡೆಗೆ ಮರದ ಹಲಗೆ ಹೊದಿಸಿದ್ದರಿಂದ, ಒಳಗೆ ನಿಂತವರಿಗೆ ಹಿಂದೇನಿದೆ ಎಂದು ತಿಳಿಯುವಂತಿರಲಿಲ್ಲ.

ಅಂದೇ ಸ್ಟುಡಿಯೋಗೆ ಹೋದೆ. ಗೋಡೆಯ ಮೇಲಿನ ಪ್ರಿಂಟ್ ಇರಲಿಲ್ಲ. ನಾಲ್ಕು ಪಿನ್ನುಗಳು ಮಾತ್ರ ಇದ್ದವು. ಪ್ರದರ್ಶನದ ದಿನ ಎಲ್ಲ ಹಾಳೆಗಳನ್ನೂ ಇಳಿಸಿ, ಆಮೇಲೆ ಮತ್ತೆ ಹಚ್ಚಿದ್ದರಿಂದ ಅದು ಯಾವಾಗ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಟೋನಿಯನ್ನು ಕೇಳಿದೆ. "ರೈಲ್ವೆ ಬಾಗಿಲಾ? ಅದನ್ನ ಯಾರು ಕದೀತಾರೆ?" ಎಂದ. ಆದರೆ ಅವನು ಚಳಿಗಾಲದ ರಜೆಯಲ್ಲಿ ಯಾವುದೋ ಆರ್ಕಿಟೆಕ್ಟ್ ಆಫೀಸಿನಲ್ಲಿ ಪಾರ್ಟ್‌ಟೈಮ್ ಮಾಡಿದ್ದ. ಎಲ್ಲಿ ಎಂದರೆ ಮಾತು ತೇಲಿಸಿದ. ಮಿಲ್ನರ್ ತಮ್ಮ ಪ್ರಿಂಟನ್ನು ತೆಗೆದು ತೋರಿಸಿದರು. ಹೊಸದರಂತೆ ಇತ್ತು, ಪ್ರಿಂಟಿನ ನೀಲಿ ಗೆರೆಗಳು ಮಾಸಿರಲಿಲ್ಲ. ತಮ್ಮದನ್ನು ಮಾಲೀಕನಿಗೆ ಕೊಟ್ಟು, ಅಸಲು ಹಾಳೆಯಿಂದ ಇನ್ನೊಂದು ತೆಗೆಸಿದ್ದೋ ಎಂಬ ಅನುಮಾನ ಬಂತು. ಕೇಳುವ ಧೈರ್ಯ ಬರಲಿಲ್ಲ.

ಫೆಬ್ರವರಿಯಲ್ಲಿ, ಇಂಥ ಅರ್ಜಿಗಳನ್ನು ತೀರ್ಮಾನಿಸುವ ಟೌನಿನ ಪ್ಲಾನಿಂಗ್ ಬೋರ್ಡಿನ ವಿಚಾರಣೆ ಇತ್ತು. ನಾನು ಹೋಗಿ ಮಾತಾಡುತ್ತೇನೆ ಎಂದಾಗ ಮಿಲ್ನರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಡ್ರಾಯಿಂಗ್ ನನ್ನದು ಅಂತ ನೀನೇ ಹೇಳಿದರೆ, ಆ ಮಾಲೀಕನಿಗಾಗಿ ಕೆಲಸ ಮಾಡಿದ್ದೀ ಅಂತ ಆಗುತ್ತೆ. ನಿನ್ನ ವೀಸಾ ನೆನಪಿದೆ ತಾನೆ? ಹೋಗಬೇಡ."

ಅದು ಕಾಳಜಿಯೋ ಬೆದರಿಕೆಯೋ ಇಂದಿಗೂ ನನಗೆ ತಿಳಿದಿಲ್ಲ. ಅಣ್ಣನೂ ಅದನ್ನೇ ಹೇಳಿದ. ಆದರೆ ಅವನು ಬಾಗಿಲಲ್ಲಿ ನಿಂತು ಕಾರಿನ ಕೀ ಕೂಡ ಕೊಟ್ಟ: "ಹೋಗೋದಾದ್ರೆ ಡ್ರೈವ್ ಮಾಡ್ಕೊಂಡು ಹೋಗು. ರಸ್ತೆ ಮೇಲೆ ಐಸ್ ಇದೆ, ನಿಧಾನ."

ಸಭೆ ಸಂಜೆ ಏಳೂವರೆಗೆ. ಮಾಲೀಕ, ಅವನ ವಕೀಲ, ಆರ್ಕಿಟೆಕ್ಟ್ ಮುಂದಿನ ಸಾಲಿನಲ್ಲಿದ್ದರು. ಆಂಟಿ ಕೊನೆಯ ಸಾಲಿನಲ್ಲಿ, ಸ್ವೆಟರಿನ ಮೇಲೆ ಇಳಕಲ್ ಸೀರೆಯ ಸೆರಗು ಹೊದ್ದು ಕೂತಿದ್ದರು. ನನ್ನನ್ನು ಕಂಡರೂ ಕತ್ತು ತಿರುಗಿಸಲಿಲ್ಲ. ಸಾರ್ವಜನಿಕರು ಮಾತಾಡಬಹುದು ಎಂದಾಗ ನಾನು ಎದ್ದು, ನನ್ನ ಟ್ಯೂಬಿನಿಂದ ಮೂರನೆಯ ಪ್ರಿಂಟನ್ನು ತೆಗೆದು ಅವರ ನಕ್ಷೆಯ ಪಕ್ಕ ಹಿಡಿದೆ.

"ಹಿಂಗೋಡೆಯ ಆ ಬಾಗಿಲು ಇಲ್ಲ. ಅದನ್ನು ಬರೆದವಳು ನಾನು, ವಿದ್ಯಾರ್ಥಿಗಳಿಗೆ ಮಾದರಿ ತೋರಿಸಲು."

ವಕೀಲ ಎದ್ದ. ಯಾವ ಡ್ರಾಫ್ಟ್ಸ್‌ಮನ್ ಬೇಕಾದರೂ ಅಂಥ ಬಾಗಿಲು ಬರೆಯಬಹುದು ಎಂದ. ಆಗ ಅಗಲದ ಅಂಕಿ ತೋರಿಸಿ, ಅದು ಎಲ್ಲಿಂದ ಬಂತೆಂದು ಹೇಳಿದೆ. ಬೋರ್ಡಿನ ಅಧ್ಯಕ್ಷೆ ಆರ್ಕಿಟೆಕ್ಟನತ್ತ ತಿರುಗಿ, ಬಾಗಿಲು ಎರಡು ಅಡಿ ಹನ್ನೊಂದೂವರೆ ಇಂಚು ಯಾಕೆ ಎಂದು ಕೇಳಿದರು. ಆರ್ಕಿಟೆಕ್ಟ್ ಮಾಲೀಕನ ಮುಖ ನೋಡಿದ. ಮಾಲೀಕ ತನ್ನ ಬೂಟು ನೋಡಿಕೊಂಡ. ಬೋರ್ಡಿನ ಒಬ್ಬ ಮುದುಕ ಸದಸ್ಯ ಕೆಮ್ಮಿ ಹೇಳಿದ: "ನಾನು ದಿನಾ ಅದೇ ಹಳಿ ಮೇಲೆ ಕೆಲಸಕ್ಕೆ ಓಡಾಡ್ತೀನಿ. ಆ ಬಾಗಿಲು ತೆಗೆದವನು ಗುದ್ದಲಿ ತಗೊಂಡು ಹೋಗಬೇಕು."

ಸಭೆ ನಕ್ಕಿತು. ಅಧ್ಯಕ್ಷೆ ನಗದೆ ನನ್ನತ್ತ ತಿರುಗಿದರು. "ನೀವು ಅರ್ಜಿದಾರರಿಗಾಗಿ ಕೆಲಸ ಮಾಡಿದ್ದೀರಾ?"

"ಇಲ್ಲ."

"ಹಾಗಾದರೆ ನಿಮ್ಮ ಬಾಗಿಲು ಅವರ ನಕ್ಷೆಗೆ ಬಂದದ್ದು ಹೇಗೆ?"

"ನನಗೆ ಗೊತ್ತಿಲ್ಲ" ಎಂದೆ. ನಿಜವಾಗಿದ್ದರೂ ಆ ಕೋಣೆಯಲ್ಲಿ ಅದು ಸುಳ್ಳಿನ ಹಾಗೆ ಕೇಳಿಸಿತು.

ಬೋರ್ಡು ಸ್ಥಳ ಪರಿಶೀಲನೆಗೆ ಆದೇಶಿಸಿತು. ಹಲಗೆ ಬಿಚ್ಚಿದಾಗ ಇಟ್ಟಿಗೆ, ಇಟ್ಟಿಗೆಯ ಆಚೆ ಕಲ್ಲು. ಮಾಲೀಕ ಅರ್ಜಿ ಹಿಂದಕ್ಕೆ ಪಡೆದ. ಆಂಟಿಯ ಲೀಸು ಉಳಿಯಿತು. ನನ್ನ ವೀಸಾದ ವಿಷಯವಾಗಿ ಯಾರೂ ಪ್ರಶ್ನಿಸಲಿಲ್ಲ. ಆದರೂ ಒಂದು ವರ್ಷ ಅಂಚೆಯವನನ್ನು ಕಂಡರೆ ನನಗೆ ಹೆದರಿಕೆಯಾಗುತ್ತಿತ್ತು. ಮುಂದಿನ ಸೆಮಿಸ್ಟರಿಗೆ ಮಿಲ್ನರ್ ಬೇರೆ ಅಸಿಸ್ಟೆಂಟ್ ತೆಗೆದುಕೊಂಡರು. ಕಾರಣ ಹೇಳಲಿಲ್ಲ.

ವಿಚಾರಣೆಯ ಸಂಜೆ ಟೌನ್ ಹಾಲ್ ಮೆಟ್ಟಿಲ ಮೇಲೆ ಆಂಟಿ ನನಗಾಗಿ ನಿಂತಿದ್ದರು. ಥ್ಯಾಂಕ್ಸ್ ಹೇಳುತ್ತಾರೆ ಎಂದುಕೊಂಡಿದ್ದೆ.

"ಹಂಗಾರ ಆ ಬಾಗಲಾ ನಿಂದನ?"

"ನಂದೇ ಆಂಟಿ."

"ಅವಗ ಕೊಟ್ಟವರು ಯಾರು?"

"ಗೊತ್ತಿಲ್ಲ."

ಬಟ್ಟೆಯ ಬಣ್ಣ ಬಿಡುತ್ತದೋ ಇಲ್ಲವೋ ಎಂದು ನೋಡುವವರ ಹಾಗೆ ನನ್ನ ಮುಖ ನೋಡಿದರು. "ಇವತ್ತ ನೀ ಬಂದಿ, ಖರೇ. ಅದಕ್ಕ ನಾ ಇಲ್ಲ ಅನ್ನೂದಿಲ್ಲ. ಬ್ಲೌಸ್ ಹೊಲಸಲಿಕ್ಕೆ ಬಾ, ಹೊಲದು ಕೊಡ್ತೀನಿ. ಚಾ ಕುಡೀಲಿಕ್ಕೆ ಮಾತ್ರ, ಯಾರಂತ ಗೊತ್ತಾದ ದಿವಸ ಬಾ."

ಆಮೇಲೆ ಅವರ ಬಳಿ ಆರು ಬ್ಲೌಸು ಹೊಲಿಸಿದ್ದೇನೆ. ಒಂದೂ ಬಿಗಿಯಾಗಿಲ್ಲ, ಒಂದೂ ಸಡಿಲವಾಗಿಲ್ಲ. ಚಹಾ ಬಂದಿಲ್ಲ. ಈ ವಸಂತದಲ್ಲಿ, 1993ರಲ್ಲಿ, ಲೀಸು ಮುಗಿಸಿ ಅವರೇ ಇಷ್ಟಪಟ್ಟು ದೊಡ್ಡ ಜಾಗಕ್ಕೆ ಅಂಗಡಿ ಸಾಗಿಸಿದರು. ಅಲ್ಲಿಯೂ ಮೂಲೆಯಲ್ಲಿ ಹಾಟ್‌ಪ್ಲೇಟ್ ಇದೆ.

ನಾನೀಗ ನ್ಯೂಯಾರ್ಕಿನ ಒಂದು ಸಂಸ್ಥೆಯಲ್ಲಿ ಹಳೆಯ ಕಟ್ಟಡಗಳ ಒಳಾಂಗಣದ ಕೆಲಸವನ್ನೇ ಮಾಡುತ್ತೇನೆ. ಆ ವರ್ಷ ಕಲಿತದ್ದು ಇಷ್ಟು: ಖಾಲಿ ಎಂದು ಯಾರಾದರೂ ತೋರಿಸಿದ ಜಾಗದಲ್ಲಿ ಮೊದಲು ಯಾರಿದ್ದಾರೆ ಎಂದು ಹುಡುಕಬೇಕು, ಅವರನ್ನು ಹಾಳೆಯ ಮೇಲೆ ಬರೆಯಬೇಕು. ಈಗ ನನ್ನ ಪ್ರತಿ ನಕ್ಷೆಯಲ್ಲೂ ಬಾಡಿಗೆದಾರರ ಹೆಸರಿರುತ್ತದೆ. ಕಲ್ಪನೆಯ ಬಾಗಿಲಿನ ಪಕ್ಕ ಅದು ಕಲ್ಪನೆ ಎಂದೇ ಬರೆದಿರುತ್ತದೆ. ಸಹೋದ್ಯೋಗಿಗಳು ಇದನ್ನು ಅತಿ ಎನ್ನುತ್ತಾರೆ, ಎನ್ನಲಿ.

1989ರ ಆ ಸ್ಟುಡಿಯೋದಲ್ಲಿ ಇದ್ದವರು, ಪ್ರಿಂಟ್ ಅಂಗಡಿಯಲ್ಲಿ ಕೆಲಸ ಮಾಡಿದವರು, ಆ ಆರ್ಕಿಟೆಕ್ಟನ ಆಫೀಸಿನಲ್ಲಿ ಡ್ರಾಫ್ಟಿಂಗ್ ಟೇಬಲಿಗೆ ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಅವರನ್ನು ಬಲ್ಲವರಿದ್ದರೆ, ಗೋಡೆಯ ಮೇಲಿನ ಆ ಹಾಳೆಯನ್ನು ಇಳಿಸಿದ್ದು ಯಾರೆಂದು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಹೆಸರು ಹಾಕದಿದ್ದರೂ ಪರವಾಗಿಲ್ಲ. ಯಾರ ಮೇಲೂ ದೂರು ಕೊಡುವುದಿಲ್ಲ. ಆ ಕಾಗದ ಹಿಡಿದು ನಾನು ಹೋಗುವುದು ಒಂದೇ ಅಂಗಡಿಗೆ. ಅಲ್ಲಿ ನನಗೊಂದು ಲೋಟ ಚಹಾ ಬರಬೇಕಾಗಿದೆ.